ಕೌಬಾಯ್ ಸಿನಿಮಾ ಅಂದ್ರೆ ಬರೀ ಗುಂಡಿನ ಸದ್ದಲ್ಲ

ಮಾನ್ಯರೇ,

ಹಾಲಿವುಡ್‌ನ ಹಳೇ ಕೌಬಾಯ್ ಸಿನಿಮಾಗಳಲ್ಲಿ ಕುದುರೆ, ಧೂಳು, ಪಿಸ್ತೂಲು ಬಿಟ್ಟರೆ ಬೇರೇನೂ ಇಲ್ಲ ಎಂಬ ಅರ್ಥದ ಬರಹ ನಿಮ್ಮ ಸಿನಿಮಾ ಪುಟದಲ್ಲಿ ಬಂದಿತ್ತು. ಓದಿ ಬೇಜಾರಾಯಿತು.

1952ರ 'ಹೈ ನೂನ್' ನೋಡಿ. ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ ಆಗಷ್ಟೇ ಮದುವೆಯಾಗಿ, ಕೆಲಸ ಬಿಟ್ಟು ಹೊರಟಿದ್ದಾನೆ. ಅಷ್ಟರಲ್ಲಿ, ಅವನೇ ಹಿಡಿದು ಜೈಲಿಗೆ ಕಳಿಸಿದ್ದ ಕೊಲೆಗಾರ ಮಧ್ಯಾಹ್ನ 12ರ ರೈಲಿಗೆ ಬರುತ್ತಿದ್ದಾನೆ ಎಂಬ ಸುದ್ದಿ ಬರುತ್ತದೆ. ಕೇನ್ ಸಹಾಯ ಕೇಳಲು ಚರ್ಚಿಗೆ ಹೋಗುತ್ತಾನೆ. ಅಲ್ಲಿ ಊರ ಹಿರಿಯನೊಬ್ಬ ಎದ್ದು ಮೊದಲು ಅವನನ್ನು ಬಾಯಿತುಂಬಾ ಹೊಗಳುತ್ತಾನೆ, ಆಮೇಲೆ ನಿಧಾನಕ್ಕೆ ಮಾತು ತಿರುಗಿಸಿ, ಉತ್ತರದ ಕಡೆಯವರು ಇಲ್ಲಿ ಅಂಗಡಿ, ಕಾರ್ಖಾನೆಗೆ ದುಡ್ಡು ಹಾಕುವ ಯೋಚನೆಯಲ್ಲಿದ್ದಾರೆ, ಬೀದಿಯಲ್ಲಿ ಹೆಣ ಬಿದ್ದರೆ ಊರಿನ ಹೆಸರು ಕೆಡುತ್ತದೆ, ನೀನು ಹೊರಟುಬಿಡು ಅನ್ನುತ್ತಾನೆ. ಯಾರೂ ಎದುರು ಮಾತಾಡುವುದಿಲ್ಲ. ಕೇನ್ ಒಂದು ಥ್ಯಾಂಕ್ಸ್ ಹೇಳಿ ಹೊರಗೆ ನಡೆಯುತ್ತಾನೆ. ಎಷ್ಟು ಸಲ ನೋಡಿದರೂ ಆ ಘಳಿಗೆಯಲ್ಲಿ ನನ್ನ ಗಂಟಲು ಕಟ್ಟುತ್ತದೆ.

ಇದನ್ನು ಬರೆದ ಕಾರ್ಲ್ ಫೋರ್‌ಮನ್ ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. 1951ರಲ್ಲಿ, ಈ ಸಿನಿಮಾ ತಯಾರಾಗುತ್ತಿದ್ದಾಗಲೇ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿ ಅವರನ್ನು ವಿಚಾರಣೆಗೆ ಕರೆಯಿತು. ಜೊತೆಗಿದ್ದವರ ಹೆಸರು ಹೇಳಲು ಅವರು ಒಪ್ಪಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವರೇ ದೂರ ಸರಿದರು, ಹೆಸರು ಕಪ್ಪುಪಟ್ಟಿಗೆ ಹೋಯಿತು, ಕೊನೆಗೆ ಇಂಗ್ಲೆಂಡಿಗೆ ಹೊರಟರು. ಆ ಚರ್ಚಿನ ಜನ ಯಾರು ಅಂತ ಈಗ ಗೊತ್ತಾಗುತ್ತದೆ, ಅಲ್ವಾ? ಕೊನೆಯಲ್ಲಿ ಕೇನ್ ತನ್ನ ಬ್ಯಾಡ್ಜನ್ನು ಕಿತ್ತು ಧೂಳಿಗೆ ಎಸೆಯುವುದು ಸುಮ್ನೆ ಅಲ್ಲ.

ಕಮ್ಯುನಿಸ್ಟ್ ವಿರೋಧಿಯಾಗಿದ್ದ ಕೌಬಾಯ್ ಸಿನಿಮಾಗಳ ನಟ ಜಾನ್ ವೇಯ್ನ್‌ಗೆ ಈ ಸಿನಿಮಾ ಕಂಡರೆ ಆಗುತ್ತಿರಲಿಲ್ಲ. (ಆದರೂ ಇದರ ನಾಯಕ ಗ್ಯಾರಿ ಕೂಪರ್‌ಗೆ ಆಸ್ಕರ್ ಬಂದಾಗ, ಅವರ ಪರವಾಗಿ ವೇದಿಕೆ ಹತ್ತಿ ಅದನ್ನು ತೆಗೆದುಕೊಂಡದ್ದು ಇದೇ ವೇಯ್ನ್.) 1959ರಲ್ಲಿ ನಿರ್ದೇಶಕ ಹೊವಾರ್ಡ್ ಹಾಕ್ಸ್ ಜೊತೆ ಸೇರಿ 'ರಿಯೊ ಬ್ರಾವೊ' ಮೂಲಕ ಉತ್ತರ ಕೊಟ್ಟರು. ಅದರಲ್ಲಿ ಶೆರಿಫ್ ಮನೆಮನೆಗೆ ಹೋಗಿ ಸಹಾಯ ಕೇಳುವುದಿಲ್ಲ. ಕುಡುಕನೊಬ್ಬ, ಕುಂಟುವ ಮುದುಕನೊಬ್ಬ, ಒಬ್ಬ ಹುಡುಗ ಅವನ ಬೆನ್ನಿಗೆ ನಿಲ್ಲುತ್ತಾರೆ. ರಾಜಕೀಯವಾಗಿ ನಾನು ಫೋರ್‌ಮನ್ ಕಡೆಯವನು, ಆದರೆ ಈ ಸಿನಿಮಾವೂ ನನಗೆ ಇಷ್ಟ.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಎಲ್ಲ ತಿರುಗಿಬಿದ್ದಿತ್ತು. 1970ರ 'ಸೋಲ್ಜರ್ ಬ್ಲೂ'ನಲ್ಲಿ ಮೂಲನಿವಾಸಿಗಳ ಹೆಂಗಸರು, ಮಕ್ಕಳನ್ನು ಕೊಲ್ಲುವುದು ಅಮೆರಿಕದ ಸೈನಿಕರೇ. ಕಥೆಯ ಹಿಂದಿದ್ದದ್ದು 1864ರ ಸ್ಯಾಂಡ್ ಕ್ರೀಕ್ ಹತ್ಯಾಕಾಂಡ. ಆಗ ನೋಡಿದವರಿಗೆ ನೆನಪಾದದ್ದು ಮಾತ್ರ 1968ರಲ್ಲಿ ಅಮೆರಿಕದ ಸೈನಿಕರು ಹಳ್ಳಿಗರನ್ನು ಕೊಂದ ವಿಯೆಟ್ನಾಂನ ಮೈ ಲಾಯ್.

ಜಾಸ್ತಿ ಏನೂ ಕೇಳುತ್ತಿಲ್ಲ. ಇಂಥ ಸಿನಿಮಾಗಳ ಬಗ್ಗೆ ಬರೆಯುವಾಗ ಬಿಡುಗಡೆಯ ವರ್ಷದ ಜೊತೆಗೆ, ಆ ವರ್ಷ ಅಮೆರಿಕದಲ್ಲಿ ಏನು ನಡೆಯುತ್ತಿತ್ತು ಅಂತ ಎರಡು ಸಾಲು ಹಾಕಿ.

ಇತಿ,
ನಿಮ್ಮ ಓದುಗ