ಭೋಸರಿಯ ಕಾಕಾಗೆ, ಮತ್ತೆ ಉಳಿದೆಲ್ಲರಿಗೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪುಣೆಯ ನಮ್ಮ ವಿಭಾಗ ಮತ್ತು ಭೋಸರಿಯ ಫೌಂಡ್ರಿ ಸೇರಿ ನಡೆಸಿದ ಸಿಂಗಲ್ ಕ್ರಿಸ್ಟಲ್ ಬ್ಲೇಡ್ (ಇಡೀ ಲೋಹ ಒಂದೇ ಹರಳಾಗಿರುವ ಟರ್ಬೈನ್ ಬ್ಲೇಡ್) ಪ್ರಾಜೆಕ್ಟಿನ ಕೊನೆಯ ವರದಿಯೂ ಹೋಯಿತು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಫೌಂಡ್ರಿಯವರ ಹೆಸರು ಒಂದೂ ಇಲ್ಲ. ಗೋಪ್ಯತೆಯ ಒಪ್ಪಂದ ಹಾಗಿದೆ, ಅದಕ್ಕೆ ಸರಿಯಾದ ಕಾರಣಗಳೂ ಇವೆ. ಆದರೆ ‘ಕೈಗಾರಿಕಾ ಸಹಭಾಗಿಗಳಿಗೆ ವಂದನೆ’ ಎಂಬ ಒಂದು ಸಾಲಿನಲ್ಲಿ, ಅಲ್ಲಿ ಫರ್ನೇಸ್ ನಡೆಸುವ ಕಾಕಾರ ಋಣ ತೀರಿಸಲು ನನ್ನಿಂದ ಆಗಲಿಲ್ಲ. ಹೆಸರು ಹಾಕಬ್ಯಾಡ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ಇಲ್ಲೂ ಅವರು ಕಾಕಾ ಮಾತ್ರ.

ನನ್ನ ಗೈಡ್ ಸರ್, ಕರಡಿನ ಪ್ರತಿ ಪುಟವನ್ನೂ ತಿದ್ದಿದ ಸಹ-ಮಾರ್ಗದರ್ಶಕಿ, ಮೇಣದ ಮಾದರಿಗಳನ್ನು ಉಗುರು ತಾಗದಂತೆ ಜೋಡಿಸಿಕೊಟ್ಟ ವ್ಯಾಕ್ಸ್ ರೂಮಿನ ತಾಯಿಗಳು, ರಜೆಯ ದಿನವೂ ಮೈಕ್ರೋಸ್ಕೋಪ್ ಬಿಟ್ಟುಕೊಟ್ಟ ಮುಂಬೈಯ ಗೆಳೆಯರು, ಕೋಥ್ರೂಡಿನಲ್ಲಿ ಹೊತ್ತು ಮೀರಿದರೂ ಜೋಳದ ರೊಟ್ಟಿ ಮುಚ್ಚಿಟ್ಟು ಕಾದ ಅತ್ತೆ, ವಿಜಯಪುರದಲ್ಲಿ ಅವ್ವನ ಜೊತೆ ಇದ್ದು ನನ್ನನ್ನು ಇಲ್ಲಿ ಓದಲು ಬಿಟ್ಟ ತಮ್ಮ: ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಈಗ ಕಾಕಾ. ಅಕ್ಕಲಕೋಟೆ ಕಡೆಯವರು, ಮನೆಯಲ್ಲಿ ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ. ವ್ಯಾಕ್ಯೂಮ್ ಫರ್ನೇಸ್ ಅವರ ಸುಪರ್ದಿಯಲ್ಲಿತ್ತು. ನಾನು ವಿಜಯಪುರದವಳು ಎಂದು ತಿಳಿದ ಮೇಲೂ ಬಹಳ ದಿನ ‘ಮೇಡಂ’ ಎಂದೇ ಕರೆಯುತ್ತಿದ್ದರು.

ಅದು ಅಪ್ಪ ಹೋದ ವರ್ಷ. ಹತ್ತಿರದವರಿಗೆ ಗೊತ್ತಿರುವುದನ್ನು ಮತ್ತೆ ಹೇಳುವುದಿಲ್ಲ. ಮಳೆಗಾಲದ ಒಂದು ರಾತ್ರಿ, ಉಳಿದಿದ್ದ ಕೊನೆಯ ಮಿಶ್ರಲೋಹವನ್ನು ಅಚ್ಚಿಗೆ ಸುರಿದಿದ್ದೆವು. ಅದರಲ್ಲಿ ಶೇ. 3ರಷ್ಟು ರೀನಿಯಂ ಇತ್ತು. ಭೂಮಿಯ ಮೇಲೆ ಅತಿ ವಿರಳವಾದ ಲೋಹಗಳಲ್ಲಿ ಅದೂ ಒಂದು. ಮತ್ತೆ ತರಿಸಲು ದುಡ್ಡಿರಲಿಲ್ಲ. ಬುಡದಿಂದ ಮೇಲಕ್ಕೆ ಒಂದೇ ಹರಳಾಗಿ ಗಟ್ಟಿಯಾಗಲೆಂದು, ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದ ವಲಯದಿಂದ ಅಚ್ಚು ನಿಮಿಷಕ್ಕೆ 3 ಮಿಲಿಮೀಟರಿನಂತೆ ಕೆಳಗಿಳಿಯುತ್ತಿತ್ತು. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು.

ಇಳಿಸುವುದು ನಿಂತರೆ ಹರಳು ಅಲ್ಲಿಗೇ ಮುಗಿಯಿತು. ಮೇಲಿನ ದ್ರವದಲ್ಲಿ ಎಲ್ಲೆಂದರಲ್ಲಿ ಹೊಸ ಹರಳುಗಳು ಹುಟ್ಟಿಕೊಳ್ಳುತ್ತವೆ. ನಾನು ನಿಂತಲ್ಲೇ ನಿಂತಿದ್ದೆ. ಕಾಕಾ ಅಷ್ಟರಲ್ಲಿ ಕತ್ತಲಲ್ಲೇ ಹೋಗಿ ಮೇಲಿನ ಟ್ಯಾಂಕಿನ ವಾಲ್ವ್ ತೆರೆದಿದ್ದರು. ತಣ್ಣೀರು ಹರಿಯದಿದ್ದರೆ ಫರ್ನೇಸೇ ಕೈಬಿಡುತ್ತಿತ್ತು. ಬಾಗಿಲು ತೆಗೆಯುವಂತಿಲ್ಲ, ಗಾಳಿ ನುಗ್ಗಿದರೆ ಕೆಂಪಗೆ ಕಾದ ಗ್ರಾಫೈಟ್ ಹೀಟರುಗಳು ಉರಿದುಹೋಗುತ್ತವೆ. ತಾನಾಗಿ ತಣಿಯುವವರೆಗೆ ಕಾಯಬೇಕು, ಅಷ್ಟೆ. ಅವರ ಶಿಫ್ಟ್ ಮುಗಿದಿತ್ತು. ಪಂಪಿಗಷ್ಟು ಸಾಲುವ ಜನರೇಟರ್ ಬಂದ ಮೇಲೆ ಅವರು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ವಾಪಸು ಬರುವ ನೀರಿನ ಪೈಪನ್ನು ಆಗಾಗ ಮುಟ್ಟಿ ನೋಡುತ್ತ ನನ್ನ ಪಕ್ಕದಲ್ಲೇ ಕೂತರು.

ನಾನು ಅತ್ತುಬಿಟ್ಟೆ. ಹಾಳಾದ ಲೋಹಕ್ಕಾಗಿ ಅಳುತ್ತಿದ್ದೇನೆ ಅಂದುಕೊಂಡಿದ್ದೆ, ಆದರೆ ಅಪ್ಪನ ಮಣ್ಣಿಗೆ ಹೋದ ದಿನವೂ ಬರದ ಅಳು ಅದು. ಇಷ್ಟು ಓದಿ, ಇಷ್ಟು ದೂರ ಬಂದು, ಮನೆಗೂ ಆಗಲಿಲ್ಲ, ಇಲ್ಲಿಗೂ ಆಗಲಿಲ್ಲ ಎಂದು ಜೋರಾಗಿಯೇ ಅಂದುಬಿಟ್ಟೆ. ಕಾಕಾ ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಳು ತಗ್ಗಿದ ಮೇಲೆ ಕೇಳಿದರು: “ಯವ್ವಾ, ಇಷ್ಟ ವರ್ಷ ಇದನ್ನ ನಡಿಸೀನಿ. ಒಳಗ ಏನ ಆಗ್ತದ ಅಂತ ಯಾರೂ ನನಗ ಕೂಡಿಸಿ ಹೇಳಿಲ್ಲ. ನೀ ಹೇಳು.”

ಹೇಳಿದೆ. ಟರ್ಬೈನಿನಲ್ಲಿ ಬ್ಲೇಡಿಗೆ ಬಡಿಯುವ ಅನಿಲ ಆ ಲೋಹ ಕರಗುವ ಶಾಖಕ್ಕಿಂತಲೂ ಬಿಸಿ ಇರುತ್ತದೆ; ಒಳಗೆ ತಂಪುಗಾಳಿಯ ದಾರಿಗಳು, ಹೊರಗೆ ಸೆರಾಮಿಕ್ ಲೇಪ ಇರುವುದರಿಂದ ಅದು ತಾಳುತ್ತದೆ. ಆ ಬಿಸಿಯಲ್ಲಿ ಗಿರಗಿರ ತಿರುಗುವಾಗ ಲೋಹ ನಿಧಾನಕ್ಕೆ ಎಳೆದುಕೊಂಡು ಉದ್ದವಾಗುತ್ತದೆ, ಬಿರುಕು ಮೊದಲು ಕಾಣಿಸುವುದು ಹರಳು ಹರಳು ಕೂಡುವ ಗಡಿಗಳಲ್ಲಿ. ಅದಕ್ಕೇ ಅಚ್ಚಿನ ಬುಡದಲ್ಲಿ ಸುರುಳಿ ದಾರಿ ಇಟ್ಟು, ಹಲವು ಹರಳುಗಳಲ್ಲಿ ಒಂದೇ ಒಂದನ್ನು ಮೇಲೆ ಬಿಡುತ್ತೇವೆ. 1982ರಲ್ಲಿ ಪ್ರಾಟ್ ಅಂಡ್ ವಿಟ್ನಿಯವರ ಜೆಟಿ9ಡಿ ಎಂಜಿನ್ನಿನಲ್ಲಿ ಇಂಥ ಬ್ಲೇಡುಗಳು ಪ್ರಯಾಣಿಕರ ವಿಮಾನಕ್ಕೆ ಬಂದವು. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ಡಿಎಂಆರ್‌ಎಲ್, ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಬ್ಲೇಡುಗಳನ್ನು ಬೆಂಗಳೂರಿನ ಎಚ್‌ಎಎಲ್‌ಗೆ ಕೊಟ್ಟಿತು. ಆ ಸುದ್ದಿ ಕಾಕಾಗೆ ಗೊತ್ತಿತ್ತು, ತಮ್ಮ ಮಗನಿಗೂ ಕಳಿಸಿದ್ದರಂತೆ. ಎಲ್ಲ ಕೇಳಿ ಅವರು, “ಅಂದ್ರ ಇದು ಬದು ಇಲ್ಲದ ಹೊಲ. ಬದು ಇಲ್ಲಂದ್ರ ಜಗಳ ಇಲ್ಲ” ಅಂದರು. ನಾನು ಓದಿದ ಯಾವ ಪಠ್ಯದಲ್ಲೂ ಇಷ್ಟು ನೇರವಾದ ಮಾತು ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಪ್ರಶ್ನೆ: “ಹಂಗಾರ ಎಲ್ಲೀ ತನಕ ಒಂದ ಹರಳು, ಎಲ್ಲಿಂದ ಕೆಟ್ಟದ್ದು, ಕೊಯ್ದರ ಕಾಣ್ತದಲ್ಲ?”

ಕಾಣುತ್ತಿತ್ತು. ಕರೆಂಟ್ ಹೋದ ಕ್ಷಣದಲ್ಲಿ ಗಟ್ಟಿಯಾಗುವ ಅಂಚು ಎಲ್ಲಿತ್ತು ಎಂಬುದರ ಗುರುತು ಆ ಕೆಟ್ಟ ಎರಕದಲ್ಲೇ ಉಳಿದಿತ್ತು. ಬೆಳಗಾಗಿ ಫರ್ನೇಸ್ ತಣಿದ ಮೇಲೆ ಅಚ್ಚು ಅಲುಗಾಡುವ ಮೊದಲೇ ಕಾಕಾ ಅದರ ಎತ್ತರ ಅಳೆದು ಬರೆದುಕೊಂಡರು. ಗುಜರಿಗೆ ಹಾಕಲು ಯಾರಿಗೂ ಬಿಡಲಿಲ್ಲ. ಕೊಯ್ದು, ಹರಳಿನ ಗಡಿ ಕಾಣುವಂತೆ ಆಮ್ಲದಲ್ಲಿ ಮೇಲ್ಮೈ ಸವೆಸಿದಾಗ ಗೆರೆ ಸ್ಪಷ್ಟವಾಗಿತ್ತು. ನಮ್ಮ ಕಂಪ್ಯೂಟರ್ ಲೆಕ್ಕ ಹೇಳಿದ್ದಕ್ಕಿಂತ ಆ ಅಂಚು ಬ್ಯಾಫಲ್‌ನಿಂದ (ಮೇಲಿನ ಬಿಸಿ ವಲಯಕ್ಕೂ ಕೆಳಗಿನ ತಂಪು ವಲಯಕ್ಕೂ ನಡುವಿನ ಶಾಖದ ತಡೆ) ಬಹಳ ಕೆಳಗಿತ್ತು. ಬ್ಲೇಡಿನ ಬುಡದ ಅಗಲ ಪ್ಲ್ಯಾಟ್‌ಫಾರ್ಮಿನ ಮೂಲೆಗಳು ಬೇಗ ತಣಿದು ಅಲ್ಲಿ ಬೇಡದ ಹರಳು ಹುಟ್ಟುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಬ್ಯಾಫಲ್‌ನ ಸಂದು ಬಿಗಿ ಮಾಡಿದೆವು, ಆ ಜಾಗದಲ್ಲಿ ಇಳಿಸುವ ವೇಗ ತಗ್ಗಿಸಿದೆವು. ಕಂಪನಿಯೇ ಮತ್ತೆ ಲೋಹ ಒದಗಿಸಿತು. ಆ ನಿರ್ಧಾರ ತೆಗೆದುಕೊಂಡವರಿಗೂ ನನ್ನ ನಮಸ್ಕಾರ. ಮುಂದಿನ ಬ್ಲೇಡುಗಳು ಹೇಗೆ ಬಂದವು ಎನ್ನುವುದು ನಿಮಗೆಲ್ಲ ಗೊತ್ತೇ ಇದೆ.

ವೈವಾದಲ್ಲಿ ಪರೀಕ್ಷಕರು ಬಹಳ ಹೊತ್ತು ನಿಂತದ್ದು ಆ ಗೆರೆಯ ಚಿತ್ರದ ಮುಂದೆಯೇ. ಇದನ್ನು ಕೊಯ್ಯುವ ಯೋಚನೆ ಯಾರದು ಎಂದು ಕೇಳಿದರು. ಫರ್ನೇಸ್ ನಡೆಸುವವರದು ಎಂದೆ. ಉತ್ತರ ದಾಖಲಾಗಿದೆ.

ವಿಶ್ವವಿದ್ಯಾಲಯ ಮತ್ತು ಕಾರ್ಖಾನೆ ಕೂಡಿ ಕೆಲಸ ಮಾಡುವಾಗ ಸಭೆಗಳಲ್ಲಿ ನಾವು ಎಂಜಿನಿಯರುಗಳ ಜೊತೆ ಮಾತ್ರ ಕೂರುತ್ತೇವೆ. ಹೊಸದಾಗಿ ಸೇರಿದ ಇಬ್ಬರು ವಿದ್ಯಾರ್ಥಿಗಳಿಗೆ ನಾನು ಕೇಳಿಕೊಂಡದ್ದು ಒಂದೇ: ನಿಮ್ಮ ಮೊದಲ ಗ್ರಾಫನ್ನು ಗೈಡ್‌ಗೆ ತೋರಿಸುವ ದಿನವೇ ಕಾಕಾಗೂ ತೋರಿಸಿ, ಒಳಗೆ ಏನಾಗುತ್ತದೆಂದು ಕೂತು ಹೇಳಿ, ಅವರು ಕೇಳುವ ಪ್ರಶ್ನೆಯನ್ನು ಬರೆದುಕೊಳ್ಳಿ.

ಕಾಕಾ, ಆ ರಾತ್ರಿ ನೀವು ಇರದಿದ್ದರೆ ನಾನು ಬೆಳಗಿನ ಬಸ್ಸಿಗೆ ಊರಿಗೆ ಹೋಗಿಬಿಡುತ್ತಿದ್ದೆ. ಬೈಂಡ್ ಮಾಡಿಸಿದ ಪ್ರತಿ ನಿಮಗಾಗಿ ತೆಗೆದಿಟ್ಟಿದ್ದೇನೆ, ಶನಿವಾರ ಮಧ್ಯಾಹ್ನದ ಶಿಫ್ಟಿಗೆ ತರುತ್ತೇನೆ. ಅವ್ವನೂ ಬರುತ್ತಾಳೆ, ನಿಮ್ಮನ್ನು ನೋಡಬೇಕಂತೆ.