ಬುಧವಾರ ಊಟದ ಡಬ್ಬಿ ಇರುವುದಿಲ್ಲ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನವೆಂಬರ್ ಮೊದಲ ವಾರದಿಂದ ಬುಧವಾರಗಳಂದು ನಮ್ಮ ಊಟದ ಡಬ್ಬಿ ಬರುವುದಿಲ್ಲ. ತಿಂಗಳ ಹಣವನ್ನು ಮುಂಗಡವಾಗಿ ಕೊಟ್ಟವರಿಗೆ ಆ ದಿನಗಳ ಮೊತ್ತವನ್ನು ಮುಂದಿನ ಲೆಕ್ಕದಲ್ಲಿ ಕಳೆಯುತ್ತೇವೆ. ಕಾರಣವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ.

ಲಂಡನ್ನಿನ ಬ್ರಿಕ್ಸ್‌ಟನ್‌ನ ನಮ್ಮ ಅಂಗಡಿಗೆ ಬಂದವರು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಬೀನ್ಸ್ ಸೋಸುತ್ತಿದ್ದ ನನ್ನ ಅತ್ತೆಯವರನ್ನು ನೋಡಿರುತ್ತೀರಿ. ನಿಮ್ಮ ಮಕ್ಕಳಲ್ಲಿ ಹಲವರಿಗೆ ಅವರು ಅಜ್ಜಿಯೇ ಆಗಿದ್ದರು. ಈ ಬೇಸಿಗೆಯ ಕೊನೆಯಲ್ಲಿ ಅವರು ತೀರಿಕೊಂಡರು.

ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನಿಂದ ಅವರು ಲಂಡನ್ನಿಗೆ ಬಂದದ್ದು 1961ರಲ್ಲಿ, ಬಸ್ ಕಂಡಕ್ಟರ್ ಕೆಲಸಕ್ಕೆ. ಎರಡನೆಯ ಮಹಾಯುದ್ಧದ ನಂತರ ಇಲ್ಲಿನ ಬಸ್ಸು, ರೈಲುಗಳಿಗೆ ಆಳುಗಳು ಸಾಲುತ್ತಿರಲಿಲ್ಲ. ಅದಕ್ಕೆ ಲಂಡನ್ ಟ್ರಾನ್ಸ್‌ಪೋರ್ಟ್ ಸಂಸ್ಥೆ 1956ರಿಂದ ಬಾರ್ಬಡೋಸ್‌ಗೇ ಹೋಗಿ ಜನರನ್ನು ಆರಿಸಿ ಕರೆತರುತ್ತಿತ್ತು. ಪ್ರಯಾಣದ ಖರ್ಚನ್ನು ಅಲ್ಲಿನ ಸರ್ಕಾರ ಸಾಲವಾಗಿ ಕೊಡುತ್ತಿತ್ತು. ಇಲ್ಲಿ ದುಡಿದ ಸಂಬಳದಲ್ಲಿ ಅದನ್ನು ಕಂತುಕಂತಾಗಿ ತೀರಿಸಬೇಕಿತ್ತು. ಸಾಲ ಹೊತ್ತುಕೊಂಡೇ ಅವರು ಈ ಊರಿಗೆ ಕಾಲಿಟ್ಟರು. ಗಿಬ್ಸನ್ ಟಿಕೆಟ್ ಯಂತ್ರವನ್ನು ಹೆಗಲಿಗೆ ಬಿಗಿದುಕೊಂಡು ಡಬಲ್ ಡೆಕ್ಕರ್‌ನ ಮೆಟ್ಟಿಲು ಹತ್ತಿಳಿದ ಮೊಣಕಾಲುಗಳು ಕೊನೆಯವರೆಗೂ ನೋಯುತ್ತಿದ್ದವು. ಅವರ ಕೈ ತಾಗಬಾರದೆಂದು ಚಿಲ್ಲರೆಯನ್ನು ಸೀಟಿನ ಮೇಲೆ ಎಸೆಯುವ ಪ್ರಯಾಣಿಕರೂ ಇದ್ದರಂತೆ. ಬಾಡಿಗೆಗೆ ಕೋಣೆ ಹುಡುಕಿ ಹೋದರೆ ಕಪ್ಪು ಜನರಿಗೆ ಇಲ್ಲವೆಂಬ ಚೀಟಿ ಕಿಟಕಿಯಲ್ಲೇ ಅಂಟಿಸಿರುತ್ತಿತ್ತು. ಮನೆ ಕೊಡುವಾಗ ಹಾಗೆ ಭೇದ ಮಾಡುವುದನ್ನು ಕಾನೂನು ತಡೆದದ್ದು 1968ರಲ್ಲಿ.

ಬ್ಯಾಂಕುಗಳೂ ಸುಲಭವಾಗಿ ಸಾಲ ಕೊಡುತ್ತಿರಲಿಲ್ಲ. ಅವರ ಊರಿನಿಂದ ಬಂದ ಪದ್ಧತಿಯೊಂದು ಆಗ ಕೈಹಿಡಿಯಿತು. ವಾರವಾರ ಎಲ್ಲರೂ ಒಂದೇ ಮೊತ್ತ ಹಾಕುವುದು, ಒಟ್ಟಾದ ಹಣ ಸರದಿಯಂತೆ ಒಬ್ಬೊಬ್ಬರಿಗೆ ಹೋಗುವುದು. ಬಾರ್ಬಡೋಸ್‌ನವರು ಇದನ್ನು ಮೀಟಿಂಗ್ ಟರ್ನ್ ಎನ್ನುತ್ತಾರೆ, ಜಮೈಕದವರು ಪಾರ್ಡ್ನರ್ ಎನ್ನುತ್ತಾರೆ. ನಮ್ಮ ಚೀಟಿಯೇ ಇದು, ಆದರೆ ಇಲ್ಲಿ ಹರಾಜೂ ಇಲ್ಲ, ಬಡ್ಡಿಯೂ ಇಲ್ಲ. ಬಸ್ ಗ್ಯಾರೇಜಿನವರ ಚೀಟಿಯ ಹಣ ಅತ್ತೆಯವರ ಕೈಯಲ್ಲೇ ಇರುತ್ತಿತ್ತು. ಆ ಬೀದಿಯ ಎಷ್ಟೋ ಮನೆಗಳ ಮೊದಲ ಮುಂಗಡ ಅಲ್ಲಿಂದಲೇ ಹೋದದ್ದು. ನಾವು ಅಂಗಡಿ ತೆರೆದಾಗಲೂ ಅವರು ತಮ್ಮ ಸರದಿಯ ಹಣವನ್ನು ನಮಗೆ ಕೊಟ್ಟರು. ನೀವು ಉಣ್ಣುವ ಸಾರು, ಪಲ್ಯದ ಹಿಂದೆ ಆ ದುಡ್ಡಿದೆ. ನಮ್ಮ ಮದುವೆಯ ಕಾಲದಲ್ಲಿ ಊರಲ್ಲಿದ್ದ ನನ್ನ ತಂದೆ ನೂರು ಸಂಶಯ ಹೇಳಿದ್ದರು. ಬಂದು ಇವರ ಜೊತೆ ಕೆಲವು ದಿನ ಇದ್ದ ಮೇಲೆ ಒಂದನ್ನೂ ಹೇಳಲಿಲ್ಲ.

ನಿವೃತ್ತಿಯಾದ ಮೇಲೆ ಪ್ರತಿ ಬುಧವಾರ ಚರ್ಚಿನ ಸಭಾಂಗಣದಲ್ಲಿ ಅತ್ತೆಯವರು ಒಂಟಿ ವೃದ್ಧರಿಗೆ ಮಧ್ಯಾಹ್ನದ ಊಟ ಮಾಡಿ ಬಡಿಸುತ್ತಿದ್ದರು. ಹಳೆಯ ಕಂಡಕ್ಟರುಗಳು, ದಾದಿಯರು, ಆಸ್ಪತ್ರೆಯ ನೆಲ ಒರೆಸಿದವರು ಬರುತ್ತಿದ್ದರು. 1973ಕ್ಕೆ ಮೊದಲು ಬಂದು ನೆಲೆಸಿದವರನ್ನೂ ಇಲ್ಲಿರುವ ಹಕ್ಕಿಗೆ ದಾಖಲೆ ಎಲ್ಲಿ ಎಂದು ಇಲ್ಲಿನ ಸರ್ಕಾರ ಪೀಡಿಸಿದ ಸಂಗತಿ 2018ರಲ್ಲಿ ದೊಡ್ಡ ಹಗರಣವಾಯಿತಲ್ಲ, ಆಗ ಊಟದ ಮೇಜಿನ ಮೇಲೆಯೇ ಹಳೆಯ ಸಂಬಳ ಚೀಟಿಗಳನ್ನು ಹರಡಿಕೊಂಡು ಜೊತೆಗಾರರ ಅರ್ಜಿ ತುಂಬಿಸಿದವರು ಅವರು. ಇಷ್ಟು ದುಡಿದವರ ಬಳಿ ಆ ಪ್ರಶ್ನೆ ಕೇಳಿದ್ದು ನನಗೆ ಇಂದಿಗೂ ನುಂಗಲಾಗದ ಅನ್ಯಾಯ.

ಆ ಊಟ ನಿಲ್ಲಬಾರದು. ಅದನ್ನು ನಡೆಸಿಕೊಂಡು ಹೋಗಲು ನಮಗೆ ಬುಧವಾರದ ಇಡೀ ಬೆಳಗು ಬೇಕು. ಎರಡೂ ಕಡೆ ಅಡುಗೆ ಮಾಡುವಷ್ಟು ಕೈಗಳು ನಮ್ಮಲ್ಲಿಲ್ಲ.

ಸಸ್ಯಾಹಾರಿಗಳು ಖಂಡಿತ ಕೇಳುವ ಪ್ರಶ್ನೆಗೆ ಈಗಲೇ ಉತ್ತರಿಸುತ್ತೇನೆ. ಆ ಬುಧವಾರದ ಊಟದ ಮೀನು, ಕೋಳಿ ಬೇಯುವುದು ಚರ್ಚಿನ ಅಡುಗೆಮನೆಯಲ್ಲಿ, ಅಲ್ಲಿನ ಪಾತ್ರೆಗಳಲ್ಲಿ. ನಮ್ಮ ಅಡುಗೆಮನೆಗೆ ಅವು ಬರುವುದಿಲ್ಲ.

ನವೆಂಬರ್ 30 ಬಾರ್ಬಡೋಸ್ 1966ರಲ್ಲಿ ಸ್ವತಂತ್ರವಾದ ದಿನ. ಆ ತಿಂಗಳಲ್ಲಿ ಅತ್ತೆಯವರು ಮಾಡುತ್ತಿದ್ದ ಕಾಂಕಿಯನ್ನು ಹಲವರು ತಿಂದಿದ್ದೀರಿ: ಮೆಕ್ಕೆಜೋಳದ ಹಿಟ್ಟು, ತೆಂಗಿನ ತುರಿ, ಸಿಹಿಗುಂಬಳ, ಗೆಣಸು, ಒಣದ್ರಾಕ್ಷಿ ಕಲಸಿ ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು. ತಿಂಗಳ ಕೊನೆಯ ಶನಿವಾರ ಮೊಟ್ಟೆ ಹಾಕದೆ ಮಾಡಿ ಪ್ರತಿ ಡಬ್ಬಿಯಲ್ಲೂ ಇಡುತ್ತೇವೆ, ಅದಕ್ಕೆ ಬೆಲೆಯಿಲ್ಲ. ತೆಂಗು ಒಗ್ಗದವರು ಮುಂಚೆಯೇ ತಿಳಿಸಿ.

ಉಳಿದ ದಿನಗಳ ಊಟ, ದರ, ತಲುಪಿಸುವ ಸಮಯ ಎಲ್ಲವೂ ಈಗಿನಂತೆಯೇ ಇರುತ್ತವೆ. ಬುಧವಾರದ ಊಟವನ್ನು ಮಂಗಳವಾರ ಸಂಜೆಯೇ ಒಯ್ಯಲು ಬಯಸುವವರು ಸೋಮವಾರದೊಳಗೆ ಅಂಗಡಿಗೆ ಹೇಳಿದರೆ ಸಾಕು.

ನಿಮ್ಮ ವಿಶ್ವಾಸದ,
ಅಂಗಡಿಯ ಪರವಾಗಿ ಸೊಸೆ ಮತ್ತು ಮಗ