ಸಕಲೇಶಪುರದ ಆ ಅಣ್ಣನಿಗೆ

ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳೋದನ್ನೇ ಮರೆತೆ ಅಣ್ಣ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ತಿಂಗಳಿಂದ ಆಕ್ಸಿಲರೇಟರ್ ಒತ್ತಿದರೆ ಸಾಕು, ಕಾರು ಜಗ್ಗುತ್ತಿತ್ತು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಪ್ಲೇಟ್ ಹೋಗಿದೆ ಅಂತ ದೊಡ್ಡ ಲೆಕ್ಕವನ್ನೇ ಕೊಟ್ಟಿದ್ದರು. ಹಾಗೇ ಮಂಗಳೂರಿಗೆ ಹೊರಟಿದ್ದು ನನ್ನದೇ ದಡ್ಡತನ. ಶಿರಾಡಿ ಘಾಟಿಗೆ ಮೊದಲೇ ಟೀ ಅಂಗಡಿ ಮುಂದೆ ನಿಂತುಬಿಟ್ಟೆ.

ಬಾನೆಟ್ ಎತ್ತೋ ಮೊದಲು ನೀವು ಕೇಳಿದ್ದು ಒಂದೇ: "ಜಗ್ಗುವಾಗ ಆರ್‌ಪಿಎಂ ಮುಳ್ಳು ಸುಮ್ನೆ ಏರುತ್ತಾ, ನಡುಗುತ್ತಾ?" ನಡುಗುತ್ತೆ ಅಂದೆ. "ಕ್ಲಚ್ ಜಾರಿದರೆ ಮುಳ್ಳು ಏರುತ್ತೆ, ಸ್ಪೀಡ್ ಏರಲ್ಲ. ಇದು ಎಂಜಿನ್ ಮಿಸ್ ಹೊಡೀತಿರೋದು."

ಎಂಜಿನ್ ಓಡುತ್ತಿರುವಾಗಲೇ, ಪ್ರತಿ ಸಿಲಿಂಡರಿಗೂ ಕಿಡಿಗೆ ಬೇಕಾದ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚಿದಿರಿ. ಮೂರನೆಯದನ್ನು ತೆಗೆದಾಗ ಮಾತ್ರ ಸದ್ದು ಬದಲಾಗಲಿಲ್ಲ, ಅಂದರೆ ಆ ಸಿಲಿಂಡರ್ ಮೊದಲೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ತಪ್ಪು ಸ್ಪಾರ್ಕ್ ಪ್ಲಗ್ಗಿನದೋ ಕಾಯಿಲಿನದೋ ಅಂತ ನೋಡೋಕೆ ಎಂಜಿನ್ ಆಫ್ ಮಾಡಿ, ಆ ಕಾಯಿಲನ್ನು ಒಂದನೇ ಸಿಲಿಂಡರಿಗೆ ಹಾಕಿದಿರಿ. ತೊಂದರೆಯೂ ಅದರ ಜೊತೆಗೇ ಒಂದನೆಯದಕ್ಕೆ ಹೋಯಿತು! ಕಾಯಿಲಿನ ರಬ್ಬರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೀರು. ಕಿಡಿ ಅಲ್ಲಿಂದ ಸೋರುತ್ತಿತ್ತಂತೆ.

ಹೊಸ ಕಾಯಿಲ್ ತರಿಸಿ ಹಾಕಿಕೊಟ್ಟಿರಿ. ಅದರ ದುಡ್ಡು ಬಿಟ್ಟು ಒಂದು ರೂಪಾಯಿ ಜಾಸ್ತಿ ಮುಟ್ಟಲಿಲ್ಲ. ಟೀ ಬಿಲ್ಲನ್ನೂ ನೀವೇ ಕೊಟ್ಟಿರಿ, ಅದು ಮಾತ್ರ ಸರಿಯಲ್ಲ ಅಲ್ವಾ?

ಗೇರ್‌ಬಾಕ್ಸ್ ಬಿಚ್ಚದೆಯೇ ಕಾರು ಘಾಟಿ ಇಳಿಯಿತು, ವಾಪಸ್ ಹತ್ತಿತು ಕೂಡ. ತುಂಬಾ ಥ್ಯಾಂಕ್ಸ್ ಅಣ್ಣ. ಮುಂದಿನ ಸಲ ಟೀ ನನ್ನದು.